ದಾವಣಗೆರೆ, ದುರ್ಗದ ಮಂದಿ ಬೇಸಿಗೆ ರಜೆಯಲ್ಲಿ ಈಜು ಕಲಿತಿದ್ದು ಎಲ್ಲಿ?

ಜೋಗಿಮಟ್ಟಿ_ಗಾಳಿ
ಎಲ್ರಿಗೂ ನಮಸ್ಕಾರ. ಹುಟ್ಟಿ ಬೆಳೆದಿದ್ದು ಚಿತ್ರದುರ್ಗ, ಹೊಟ್ಟೆಪಾಡಿಗೆ ಬೆಂಗಳೂರು. ಈ ಸಲ ಮೇ ತಿಂಗಳು ಪೂರ್ತಿ ಮಕ್ಕಳನ್ನ ಕರ್ಕೊಂಡು ಊರಲ್ಲೇ ಇರೋದು ಅಂತ ತೀರ್ಮಾನ ಮಾಡಿದೀನಿ. ಮಗನಿಗೆ 11, ಮಗಳಿಗೆ 8. ಇಬ್ಬರಿಗೂ ಈಜು ಬರಲ್ಲ. ನಾವು ಕಲಿತ ಹಾಗೇ ಕಲೀಲಿ, ಬಾವಿನೋ ಹೊಂಡನೋ ಚಾನಲ್ಲೋ ಯಾವುದೋ ಒಂದರಲ್ಲಿ, ಅಂತ ನನ್ನ ಆಸೆ. ನಾನು ಕಲಿತ ಬಾವಿ ಮುಚ್ಚಿ ಅದರ ಮೇಲೆ ಕಲ್ಯಾಣ ಮಂಟಪದವರು ಗಾಡಿ ನಿಲ್ಲಿಸೋಕೆ ಜಾಗ ಮಾಡ್ಕೊಂಡಿದಾರೆ. ನೀವೆಲ್ಲ ಎಲ್ಲಿ ಕಲಿತ್ರಿ? ಆ ಜಾಗಗಳು ಈಗಲೂ ಹಂಗೇ ಇದಾವಾ? ಹಳೇ ಕಥೆ ಇದ್ರೂ ಹೇಳಿ, ಅದಕ್ಕೇ ಕೇಳ್ತಿರೋದು ಅಂದ್ರೂ ತಪ್ಪಿಲ್ಲ.

ಹಳೇಪೇಟೆ_ಹೈದ
ದಾವಣಗೆರೆಯವರಿಗೆ ಚಾನಲ್ ಬಿಟ್ರೆ ಇನ್ನೇನೈತ್ರಿ. ಏಪ್ರಿಲ್ 10ಕ್ಕೆ ರಿಸಲ್ಟು. ಪಾಸೋ ನಪಾಸೋ ಕೇಳ್ಕೊಂಡು ಬಂದು ಚೀಲ ಒಗೆದ್ರೆ ಸೀದಾ ಭದ್ರಾ ಚಾನಲ್‌ಗೆ. ಬೇಸಿಗೆ ಭತ್ತಕ್ಕೆ ನೀರು ಬಿಟ್ಟಿರ್ತಿದ್ರಲ್ಲ, ಏಪ್ರಿಲ್ ಬಿಸಿಲಲ್ಲೂ ಮೈ ಕೊರೆಯೋ ಅಷ್ಟು ತಣ್ಣಗಿರೋದು. ಪಂಕ್ಚರ್ ಅಂಗಡಿಯವನ ಕೈಕಾಲು ಹಿಡಿದು ಲಾರಿ ಟ್ಯೂಬ್ ಬಾಡಿಗೆಗೆ ತರ್ತಿದ್ವಿ. ಒಂದು ಟ್ಯೂಬಿಗೆ ಆರು ಜನ, ಅದರಲ್ಲಿ ಒಬ್ಬನಿಗೂ ಈಜು ಬರ್ತಿರಲಿಲ್ಲ. ಸಂಜೆ ಮಿಲ್ ಸೈರನ್ ಕೂಗಿತು ಅಂದ್ರೆ ಬಟ್ಟೆ ಹಿಂಡ್ಕೊಂಡು ಓಟ.

ಮನೆಗೆ ಬಂದ್ರೆ ಅವ್ವ ಏನೂ ಕೇಳ್ತಿರಲಿಲ್ಲ. ಕೈ ಹಿಡ್ಕೊಂಡು ಉಗುರಲ್ಲಿ ಒಂದು ಗೀಟು ಎಳೆಯೋಳು. ಬೆಳ್ಳಗೆ ಗೆರೆ ಮೂಡ್ತು ಅಂದ್ರೆ ಮುಗೀತು, ಬಾಗಿಲ ಹಿಂದಿನ ಬೆತ್ತ ಹೊರಗೆ ಬರೋದು.

ಮಂಡಕ್ಕಿ_ಮಿರ್ಚಿ
ಅಯ್ಯೋ ಆ ಉಗುರಿನ ಗೀಟು!! ಅದಕ್ಕೇ ನಾವು ಬರ್ತಾ ಕೊಬ್ಬರಿ ಎಣ್ಣೆ ಹಚ್ಕೊಂಡು ಬರ್ತಿದ್ವಿ. ಎಣ್ಣೆ ವಾಸನೆಗೆ ಇನ್ನೆರಡು ಜಾಸ್ತಿ ಬೀಳ್ತಿತ್ತು.

ಚಳ್ಳಕೆರೆ_ಶೇಂಗಾ
ನಮ್ಮ ಕಡೆ ಚಾನಲ್ಲೂ ಇಲ್ಲ, ಹೊಳೇನೂ ಇಲ್ಲ. ಇದ್ದಿದ್ದು ಬಾವಿ. ಶೇಂಗಾ ಹೊಲದ ಮಧ್ಯೆ ಕಲ್ಲು ಕಟ್ಟಿದ ದೊಡ್ಡ ಬಾವಿ, ಒಂದು ಕಡೆ ಮೆಟ್ಟಿಲು. ನಮ್ಮ ಸೋದರಮಾವ ಸೊಂಟಕ್ಕೆ ಕತ್ತಾಳೆ ದಿಂಡು ಕಟ್ಟೋರು. ಕತ್ತಾಳೆ ಹೂ ಬಿಟ್ಟ ಮೇಲೆ ನಡುವಿನ ಬೊಂಬು ಒಣಗುತ್ತಲ್ಲ, ಅದನ್ನ ಮೊಳ ಉದ್ದಕ್ಕೆ ಕಡಿದು ಎರಡು ಪಕ್ಕ ಎರಡು ಕಟ್ಟಿದ್ರೆ ಮುಳುಗಿಸಿದ್ರೂ ಮುಳುಗಲ್ಲ. ಅದು ಸಿಗದಿದ್ರೆ ಒಣಗಿದ ಸೋರೆ ಬುರುಡೆ. ಮೊದಲು ಎರಡು ಪಕ್ಕ, ಆಮೇಲೆ ಒಂದೇ ಪಕ್ಕ, ಆಮೇಲೆ ಒಂದಿನ ನಮಗೆ ಹೇಳದೇ ಅದನ್ನೂ ಬಿಚ್ಚಿ ಹಿಂದಿಂದ ನೂಕೋರು. ಎರಡು ಗುಟುಕು ನೀರು ಕುಡಿದು ಮೇಲೆ ಬಂದ್ರೆ ಈಜು ಬಂತು ಅಂತ ಲೆಕ್ಕ.

ರಾತ್ರಿ ಮಾಳಿಗೆ ಮೇಲೆ ಮಲಗೋದು. ಮಣ್ಣಿನ ಮಾಳಿಗೆ, ಹಗಲೆಲ್ಲ ಕಾದಿದ್ರೂ ಎರಡು ಕೊಡ ನೀರು ಚಿಮುಕಿಸಿದ್ರೆ ಒಂಬತ್ತರ ಹೊತ್ತಿಗೆ ತಂಪು. ಮಧ್ಯರಾತ್ರಿ ಅಡ್ಡಮಳೆ ಬಂತು ಅಂದ್ರೆ ಮೊದಲು ಹಾಸಿಗೆ ಅಲ್ಲ, ಬೆಳಕಿಂಡಿ ಮುಚ್ಚೋಕೆ ಓಡಬೇಕು. ಇಲ್ಲಾಂದ್ರೆ ಕೆಳಗೆ ಮಲಗಿರೋ ಅಜ್ಜನ ಮುಖಕ್ಕೇ ನೀರು.

ಶಾವಿಗೆ_ಮಣೆ
ಎಲ್ಲ ಓದ್ದೆ, ಚೆನ್ನಾಗಿ ಬರೆದಿದೀರಿ. ಒಂದು ಪ್ರಶ್ನೆ. ಆ ಆರು ಜನ, ಆ ಟ್ಯೂಬು, ಆ ಬಾವಿ, ಇದರಲ್ಲಿ ಎಲ್ಲಾದ್ರೂ ಒಂದು ಹುಡುಗಿ ಇದ್ಳಾ?

ನಾನೂ ದಾವಣಗೆರೆಯವಳೇ. ಅದೇ ಏಪ್ರಿಲ್ 10, ಅದೇ ಚೀಲ ಒಗೆಯೋದು. ನಮ್ಮ ಅಣ್ಣ ಚಾನಲ್‌ಗೆ, ನಾನು ಅಟ್ಟದಿಂದ ಶಾವಿಗೆ ಮಣೆ ಇಳಿಸೋಕೆ. ಅತ್ತೆ, ದೊಡ್ಡಮ್ಮ, ಎದುರು ಮನೆ ಅಜ್ಜಿ ಎಲ್ಲ ಸೇರಿ ಒಬ್ಬೊಬ್ಬರ ಮನೆಯದು ಒಂದೊಂದು ದಿನ. ಹಿಟ್ಟು ನಾದಿ, ಎಳೆ ಎಳೆದು, ಕೋಲಿನ ಮೇಲೆ ಹಾಕೋದು ದೊಡ್ಡವರು. ಆ ಕೋಲು ತಗೊಂಡು ಹೋಗಿ ಬಿಸಿಲಲ್ಲಿ ಇಡೋದು, ಕಾಗೆ ಕಾಯೋದು, ಮಾರನೇ ದಿನ ಸಂಡಿಗೆ, ಅದರ ಮಾರನೇ ದಿನ ಹಪ್ಪಳ, ಅದೆಲ್ಲ ನಮ್ಮ ಪಾಲು. ಅರೆ ಒಣಗಿದ ಸಂಡಿಗೆ ಕದ್ದು ತಿನ್ನೋದು ಸುಖವಾಗಿತ್ತು, ಇಲ್ಲ ಅನ್ನಲ್ಲ. ಇವತ್ತಿಗೂ ಆ ಹುಳಿ ಉಪ್ಪು ನಾಲಿಗೆ ಮೇಲೈತೆ. ಆದ್ರೆ ಮಧ್ಯಾಹ್ನ ಅಣ್ಣ ಕಣ್ಣು ಕೆಂಪಗೆ ಮಾಡ್ಕೊಂಡು ಬಂದ್ರೆ ಅವನ ಒದ್ದೆ ಚಡ್ಡಿ ಒಣಗಿಸೋಳೂ ನಾನೇ. ಅವ್ವನಿಗೆ ಗೊತ್ತಾಗಬಾರದಲ್ಲ!

ಹಿಂಗೇ_ಸುಮ್ನೆ
ಅಕ್ಕೋ, ಬಾಲ್ಯದ ನೆನಪು ಹೇಳೋ ಕಡೆನೂ ಗಂಡು ಹೆಣ್ಣು ಜಗಳ ತರಬೇಕಾ? ಆಗಿನ ಕಾಲ ಹಂಗಿತ್ತು.

ಶಾವಿಗೆ_ಮಣೆ
ನಂದೂ ಬಾಲ್ಯದ ನೆನಪೇ ಕಣಪ್ಪಾ. ನಿನಗೆ ಹಿಡಿಸಲಿಲ್ಲ ಅಂತ ಅದು ಜಗಳ ಆಗಲ್ಲ.

ಮಂಡಕ್ಕಿ_ಮಿರ್ಚಿ
🔥🔥

ಜಗಳೂರು_ಜಾಲಿ
ಈಜಂತೆ! ಕುಡಿಯೋಕೆ ನೀರಿದ್ರೆ ತಾನೇ ಈಜೋ ಮಾತು. ನಮ್ಮೂರಲ್ಲಿ ಬೇಸಿಗೆ ರಜೆ ಅಂದ್ರೆ ಬೋರಿಂಗ್ ಮುಂದೆ ಕೊಡದ ಪಾಳಿ. ಹಗಲು ದೊಡ್ಡವರು ಕೂಲಿಗೆ ಹೋಗೋರು, ಹಂಗಾಗಿ ಪಾಳಿ ಕಾಯೋದು ಹುಡುಗರು. ಬಿಸಿಲಿಗೆ ನಾವು ಜಾಲಿ ಮರದ ಕೆಳಗೆ, ನಮ್ಮ ಬದಲು ಕೊಡ ಬಿಸಿಲಲ್ಲಿ. ಯಾರಾದ್ರೂ ಕೊಡ ಮುಂದಕ್ಕೆ ತಳ್ಳಿದ್ರೆ ಯುದ್ಧ. ಚೌಕಾಬಾರ ಕಲಿತಿದ್ದು ಅಲ್ಲೇ, ಬೈಗುಳ ಕಲಿತಿದ್ದೂ ಅಲ್ಲೇ. ಹಿಡಿಕೆ ಮೇಲೆ ಇಬ್ಬರು ಜೋತು ಬಿದ್ರೆ ಒಂದು ಲೋಟ ಬರೋದು, ಅದೂ ಕೆಂಪಗೆ. ಆಮೇಲೆ ಗೊತ್ತಾಯ್ತು, ನಮ್ಮ ತಾಲೂಕಿನ ನೀರಲ್ಲಿ ಫ್ಲೋರೈಡ್ ಅಂತ. ನನ್ನ ಹಲ್ಲು ನೋಡಿದ್ರೆ ಯಾವೂರವನು ಅಂತ ಆಧಾರ್ ಕಾರ್ಡ್ ಕೇಳೋದೇ ಬೇಡ.

ದಾವಣಗೆರೆ ಅತ್ತೆ ಮನೆಗೆ ಹೋದಾಗ ನಲ್ಲಿ ತಿರುವಿ ಬಿಟ್ಟು ಸುಮ್ನೆ ನೋಡ್ತಾ ನಿಂತಿದ್ದೆ. ಅತ್ತೆ ಬೈದು ನಿಲ್ಲಿಸಿದ್ರು.

ನಿವೃತ್ತ_ಮೇಷ್ಟ್ರು
ಜೋಗಿಮಟ್ಟಿಯವರೇ, ದುರ್ಗದವರಾಗಿ ಹೊಂಡಗಳ ಬಗ್ಗೆ ನೀವೇ ಬರೆಯಬೇಕಿತ್ತು. ಇರಲಿ, ನಾನು ಬರೆಯುತ್ತೇನೆ.

ನಮ್ಮ ಕೋಟೆಯ ನೀರಿನ ವ್ಯವಸ್ಥೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುವಂಥದ್ದು. ಬೆಟ್ಟದ ಮೇಲೆ ಬಿದ್ದ ಮಳೆ ಮೊದಲು ಗೋಪಾಲಸ್ವಾಮಿ ಹೊಂಡಕ್ಕೆ. ಅದು ತುಂಬಿದರೆ ಹೆಚ್ಚಿನದು ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಕೊನೆಗೆ ಊರೊಳಗಿನ ಸಂತೆ ಹೊಂಡ. ಪಂಪಿಲ್ಲ, ಮೋಟಾರಿಲ್ಲ. ಬಂಡೆಯ ಇಳಿಜಾರು ನೋಡಿಕೊಂಡು ಪಾಳೆಯಗಾರರ ಕಾಲದವರು ಮಾಡಿದ ಕೆಲಸ. ಹೈದರಾಲಿ 1779ರಲ್ಲಿ ಈ ಕೋಟೆ ಹಿಡಿಯುವುದಕ್ಕೆ ಅಷ್ಟು ತಿಣುಕಿದ್ದು ಬರೀ ಕಲ್ಲಿನ ಗೋಡೆಯಿಂದಲ್ಲ, ಒಳಗಿದ್ದವರಿಗೆ ನೀರಿಗೆ ಕೊರತೆ ಇರಲಿಲ್ಲ ಅನ್ನುವುದೂ ಒಂದು ಕಾರಣ ಅಂತ ನಾನು ಮಕ್ಕಳಿಗೆ ಪಾಠ ಮಾಡುತ್ತಿದ್ದೆ.

ನಮ್ಮ ಹುಡುಗುತನದಲ್ಲಿ ಸಂತೆ ಹೊಂಡದ ಕಲ್ಲು ಮೆಟ್ಟಿಲ ಮೇಲಿಂದ ಜಿಗಿಯುತ್ತಿದ್ದೆವು. ಎಷ್ಟನೇ ಮೆಟ್ಟಿಲಿಂದ ಜಿಗಿದ ಅನ್ನುವುದರ ಮೇಲೆ ಬೀದಿಯಲ್ಲಿ ಅವನ ಸ್ಥಾನಮಾನ. ಈಗ ಆ ನೀರಿಗೆ ಕಾಲು ಅದ್ದಲೂ ಮನಸ್ಸು ಬರುವುದಿಲ್ಲ. ಸುತ್ತಲಿನ ಪೇಟೆಯ ಕೊಳೆ ಎಲ್ಲಿಗೆ ಹೋಗಬೇಕು ಹೇಳಿ.

ಜೋಗಿಮಟ್ಟಿ_ಗಾಳಿ
ಮೇಷ್ಟ್ರೇ ಧನ್ಯವಾದ. ನಿಮ್ಮ ಕ್ಲಾಸಲ್ಲೇ ಕೂತಿದ್ನೋ ಏನೋ, ಬರೆಯೋ ರೀತಿ ನೋಡಿದ್ರೆ ಭಯ ಆಗ್ತೈತೆ.

ಕೋಟೆ ಅಂದ್ರೆ ನಮಗೆ ಬೇಸಿಗೆಯಲ್ಲಿ ಅಂಗಳ ಇದ್ದಂಗೆ. ಬೆಳಿಗ್ಗೆ ಹೋದ್ರೆ ಮಧ್ಯಾಹ್ನ ಊಟಕ್ಕೆ ಬರ್ತಿದ್ವಿ. ತುಪ್ಪದ ಕೊಳದ ಬಂಡೆ ಐತಲ್ಲ, ಕಾಲಿಡೋಕೆ ಅಂತ ಕೊರೆದ ಕುಳಿಗಳು. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಅದನ್ನ ಹತ್ತೋದೇ ಪಂದ್ಯ. ಮೇಲೆ ಹೋದವನು ಇಳಿಯೋಕಾಗ್ದೆ ಅಳೋನು, ಯಾಕಂದ್ರೆ ಅಷ್ಟೊತ್ತಿಗೆ ಬಂಡೆ ಇನ್ನೂ ಕಾದಿರೋದು. ಟೂರಿಸ್ಟುಗಳನ್ನ ಒನಕೆ ಓಬವ್ವನ ಕಿಂಡಿ ಹತ್ರ ಕರ್ಕೊಂಡು ಹೋಗಿ ಕಥೆ ಹೇಳಿ ಎಂಟಾಣೆ ಇಸ್ಕೊಳ್ತಿದ್ವಿ. ದಪ್ಪ ಇರೋರು ಕಿಂಡೀಲಿ ಸಿಕ್ಕಾಕ್ಕೊಂಡ್ರೆ ಅವತ್ತು ಹಬ್ಬ. ವಾಪಸ್ ಬರ್ತಾ ಜೋಗಿಮಟ್ಟಿ ಕಡೆಯಿಂದ ಸೀತಾಫಲ ಕಿತ್ಕೊಂಡು...

ಚಳ್ಳಕೆರೆ_ಶೇಂಗಾ
ನಿಲ್ಲಿ ನಿಲ್ಲಿ. ಮೇ ತಿಂಗಳಲ್ಲಿ ಸೀತಾಫಲವಾ? ಬೇಸಿಗೆಯಲ್ಲಿ ಆ ಗಿಡದಲ್ಲಿ ಎಲೆ ಇದ್ರೆ ಹೆಚ್ಚು. ಹಣ್ಣು ಬರೋದು ಗಣಪತಿ ಹಬ್ಬದಿಂದ ದೀಪಾವಳಿವರೆಗೆ. ನೀವು ತಿಂದಿದ್ದು ಕವಳೆ ಹಣ್ಣು ಇರಬೇಕು, ಇಲ್ಲಾ ಈಚಲು.

ಜೋಗಿಮಟ್ಟಿ_ಗಾಳಿ
ಕವಳೆನೂ ಇತ್ತು, ಮುಳ್ಳು ಚುಚ್ಚಿಸ್ಕೊಂಡಿದ್ದಕ್ಕೆ ಕೈಮೇಲೆ ಸಾಕ್ಷಿ ಐತೆ. ಸೀತಾಫಲ ದಸರಾ ರಜೆಗೆ ಜಮಾ ಮಾಡ್ಕೊಳ್ಳಿ, ಮುಂದಕ್ಕೆ ಹೋಗೋಣ.

ಮಂಡಕ್ಕಿ_ಮಿರ್ಚಿ
ಶೇಂಗಾ ಅವರು ಗೂಗಲ್ಲಿಗಿಂತ ಫಾಸ್ಟು 😂

ಹರಿಹರ_ಹೊಳೆಸಾಲು
ಚಾನಲ್, ಬಾವಿ, ಹೊಂಡ ಎಲ್ಲ ಆಯ್ತು. ಹೊಳೆ ಬಿಟ್ರಲ್ಲ. ನಮ್ಮದು ಹರಿಹರ. ಬೇಸಿಗೆಯಲ್ಲಿ ತುಂಗಭದ್ರೆ ಬತ್ತಿ ಒಂದು ಮಗ್ಗುಲಿಗೆ ಸರಿದು ಹರಿಯೋಳು, ಉಳಿದಿದ್ದೆಲ್ಲ ಮರಳು. ಆ ಮರಳಲ್ಲೇ ಕಲ್ಲಂಗಡಿ, ಸೌತೆ ಬಳ್ಳಿ ಹಾಕೋರು. ಕಾವಲಿಗೆ ಗುಡಿಸಲಲ್ಲಿ ಒಬ್ಬ ಅಜ್ಜ. ನಾವು ಮೊಸಳೆಗಳ ಥರ ನೀರಲ್ಲಿ ಮೂಗು ಮಾತ್ರ ಮೇಲಿಟ್ಟು ತೆವಳ್ಕೊಂಡು ಹೋಗಿ ಕಾಯಿ ಎಗರಿಸ್ತಿದ್ವಿ. ಅಜ್ಜನಿಗೆ ಎಲ್ಲ ಗೊತ್ತಿರ್ತಿತ್ತು ಅಂತ ಈಗ ಅನ್ಸುತ್ತೆ, ಯಾಕಂದ್ರೆ ದಡದ ಸಾಲಿನ ಬಲಿತ ಕಾಯಿ ಯಾವತ್ತೂ ನಮಗೆ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಒಳಗೆ ಬಿಳಿ.

ನಮಗೂ ಸೈರನ್ನೇ ಗಡಿಯಾರ, ಕಿರ್ಲೋಸ್ಕರ್ ಕಾರ್ಖಾನೆಯದು. ಕಾರ್ಖಾನೆ ಮುಚ್ಚಿತು, ಆ ಕೂಗೂ ನಿಂತಿತು. ಹೊಳೆಗೆ ಈಗ ಮಕ್ಕಳನ್ನ ಬಿಡಬೇಡಿ. ಮರಳು ತೆಗೆದು ತೆಗೆದು ಗುಂಡಿಗಳಾಗಿದಾವೆ. ಮೇಲೆ ನೋಡಿದ್ರೆ ಮೊಣಕಾಲುದ್ದ ನೀರು, ಮುಂದಿನ ಹೆಜ್ಜೆಗೆ ಎರಡಾಳು.

ಹುಬ್ಳಿ_ಪ್ಯಾಟಿಮಂದಿ
ನಮ್ಮ ಆಯಿ ಊರು ದಾವಣಗೆರಿ. ಸೂಟಿ ಬಿಟ್ರ ಅಲ್ಲೇ. ಮೀಟರ್ ಗೇಜ್ ಗಾಡ್ಯಾಗ ಕಿಟಕಿ ಕಡೆ ಕುಂತು ಬಂದ್ರ ಮಾರಿ ಪೂರಾ ಕಲ್ಲಿದ್ದಲ ಬೂದಿ. ದಾವಣಗೆರಿ ಮಂಡಕ್ಕಿ ಚಲೋ ಇರತಿತ್ತು, ಆದ್ರ ಗಿರ್ಮಿಟ್ ಮುಂದ ಏನೂ ಅಲ್ಲ ಬಿಡ್ರಿ.

ಹಳೇಪೇಟೆ_ಹೈದ
ಏನಂದ್ರಿ? ಇನ್ನೊಂದ್ಸಲ ಹೇಳಿ?

ಮಂಡಕ್ಕಿ_ಮಿರ್ಚಿ
ನನ್ನ ಹೆಸರು ನೋಡಿಯೂ ಈ ಮಾತಾಡೋ ಧೈರ್ಯ ಬಂತಲ್ಲ ಅಣ್ಣ ನಿಮಗೆ. ನರ್ಗಿಸ್ ಮಂಡಕ್ಕಿ ಮೇಲೆ ಖಾರ ಸೇವು, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ. ಆ ಕಡೆ ಈರುಳ್ಳಿ, ಹುಣಸೆಹಣ್ಣಿನ ಗೊಜ್ಜು ಹಾಕಿ ಮೆತ್ತಗೆ ಮಾಡಿಟ್ಟಿದ್ದಕ್ಕೆ ಗಿರ್ಮಿಟ್ ಅಂತ ಹೆಸರು.

ಹುಬ್ಳಿ_ಪ್ಯಾಟಿಮಂದಿ
ಮೆತ್ತಗ ಆಗೂದ್ರಾಗ ತಿನ್ನಬೇಕ್ರಿ. ಅದು ತಿನ್ನಾವನ ತಪ್ಪು.

ವೇದಿಕೆ_ಕಾವಲು
ದಯವಿಟ್ಟು ಈಜಿನ ವಿಷಯಕ್ಕೆ ಬನ್ನಿ. ಮಂಡಕ್ಕಿಗೆ ಬೇರೆ ಚರ್ಚೆ ಇದೆ.

ಭಟ್ಟಿ_ಬೂದಿ
ಕಾವಲು ಅಣ್ಣ, ಮಂಡಕ್ಕಿ ವಿಷಯ ಬಂದಿದೆ, ನಾನು ಒಂದು ಹೇಳಿಬಿಡ್ತೀನಿ. ಬೇಕಿದ್ರೆ ಆಮೇಲೆ ಅಳಿಸಿ.

ನಮ್ಮಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕಿದ್ರು. ನಮ್ಮ ಬೇಸಿಗೆ ರಜೆ ಅಲ್ಲೇ. ಭತ್ತ ನೆನೆಸಿ, ಕುದಿಸಿ, ಬಯಲಲ್ಲಿ ಹರವಿ ಒಣಗಿಸ್ಬೇಕು. ಹರವೋದು, ಕಾಲಲ್ಲಿ ಗೆರೆ ಎಳೆದು ತಿರುವೋದು, ಮೇಕೆ ಬರದಂಗೆ ಕಾಯೋದು ಹುಡುಗರ ಕೆಲಸ. ಒಣಗಿದ ಮೇಲೆ ಅಕ್ಕಿ ಮಾಡಿಸಿ, ಉಪ್ಪುನೀರು ಬೆರೆಸಿ, ಆಮೇಲೆ ಬಾಣಲೆಯ ಕಾದ ಮರಳಿಗೆ ಹಾಕಿದ್ರೆ ಒಂದೇ ಉಸಿರಿಗೆ ಅರಳುತ್ತೆ. ಜರಡಿ ಹಿಡಿದು ಮರಳು ಬೇರೆ, ಮಂಡಕ್ಕಿ ಬೇರೆ. ಹೊರಗೆ ಬಿಸಿಲು, ಒಳಗೆ ಭಟ್ಟಿ. ಅಪ್ಪ ಬೆಳಗಿನ ಜಾವ ಶುರು ಮಾಡೋರು, ಹತ್ತು ಗಂಟೆ ಮೇಲೆ ಅದರ ಮುಂದೆ ನಿಲ್ಲೋಕಾಗಲ್ಲ ಅಂತ. ಮೂಗು ಒರೆಸಿದ್ರೆ ಕರಿ ಬರ್ತಿತ್ತು.

ಯಾರ ಮೇಲೂ ದೂರಿಲ್ಲ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅಪ್ಪ ಸೈಕಲ್ ಹಿಂದೆ ಕೂರಿಸ್ಕೊಂಡು ಚಾನಲ್‌ಗೆ ಕರ್ಕೊಂಡು ಹೋಗೋರು. ಅವರಿಗೆ ಮೈ ತೊಳ್ಕೊಳ್ಳೋಕೆ, ನನಗೆ ಈಜೋಕೆ. ಈಜು ಕಲಿಸಿದ್ದು ಅವರೇ. ಒಂದು ಕೈ ಹೊಟ್ಟೆ ಕೆಳಗೆ ಕೊಟ್ಟು, ಇನ್ನೊಂದು ಕೈಯಲ್ಲಿ ಬೀಡಿ ಹಿಡ್ಕೊಂಡು.

ಶಾವಿಗೆ_ಮಣೆ
ಕಾವಲು ಅವರೇ, ಇದನ್ನ ಅಳಿಸಿದ್ರೆ ನಾನು ಈ ವೇದಿಕೆನೇ ಬಿಡ್ತೀನಿ.

ವೇದಿಕೆ_ಕಾವಲು
ಅಳಿಸಲ್ಲ ಮೇಡಂ.

ಹುಬ್ಳಿ_ಪ್ಯಾಟಿಮಂದಿ
ಭಟ್ಟಿ ಅಣ್ಣ, ನಿಮ್ಮಪ್ಪಾರ ಮಾಡಿದ ಮಂಡಕ್ಕಿ ನಾ ತಿಂದಿರಬಹುದು. ಗಿರ್ಮಿಟ್ ಮಾತು ವಾಪಸ್ ತಗೋಳ್ಳಂಗಿಲ್ಲ, ಆದ್ರ ನಿಮಗ ಶರಣ್ರಿ.

ನೀರಗಂಟಿ
ಇಷ್ಟೊತ್ತು ಸುಮ್ನೆ ಓದ್ತಿದ್ದೆ. ನಾಲೆ ಮೇಲೇ ವಯಸ್ಸು ಕಳೆದವನು ನಾನು, ಹಾಗಾಗಿ ಹೇಳಬೇಕು. ಜೋಗಿಮಟ್ಟಿಯವರೇ, ಮಕ್ಕಳನ್ನ ಚಾನಲ್‌ಗೆ ಇಳಿಸಬೇಡಿ.

ಕಾರಣ ಕೇಳಿ. ಭದ್ರಾ ಬಲದಂಡೆ ನಾಲೆಯ ಎರಡೂ ಪಕ್ಕ ಇಳಿಜಾರು ಕಾಂಕ್ರೀಟು, ಇಲ್ಲಾ ಕಲ್ಲುಹಾಸು. ನೀರು ನಿಂತು ನಿಂತು ಪಾಚಿ ಕಟ್ಟಿರುತ್ತೆ. ಇಳಿಯೋದು ಸುಲಭ, ಹತ್ತೋಕೆ ಹಿಡಿಯೋದು ಏನೂ ಇಲ್ಲ. ಕೈ ಹಾಕಿದಷ್ಟೂ ಜಾರುತ್ತೆ. ಮೇಲೆ ನೋಡಿದ್ರೆ ನೀರು ಮೆಲ್ಲಗೆ ಹೋಗ್ತಾ ಇರುತ್ತೆ, ಒಳಗಿನ ಎಳೆತ ಬೇರೆ. ಸೇತುವೆ ಕೆಳಗೆ, ತೂಬಿನ ಹತ್ರ, ನೀರು ಧುಮುಕೋ ಕಡೆ ಸುಳಿ. ಹಳ್ಳ ದಾಟಿಸೋಕೆ ನೆಲದೊಳಗೆ ಕೊಳವೆ ಹಾಕಿರೋ ಸೈಫನ್ ಬಾಯಿ ಹತ್ರ ಹೋದ್ರೆ ದೇವರೇ ಗತಿ. ಇನ್ನೊಂದು, ನೀರು ಒಂದೇ ಮಟ್ಟದಲ್ಲಿ ಇರಲ್ಲ. ಮೇಲೆ ಗೇಟ್ ಎತ್ತಿದ್ರೆ ನಿನ್ನೆ ಎದೆಮಟ್ಟ ಇದ್ದ ಜಾಗ ಇವತ್ತು ಆಳು ಮುಳುಗೋ ಅಷ್ಟು. ಕೊನೆಭಾಗದ ರೈತರು ನೀರಿಗಾಗಿ ಗಲಾಟೆ ಮಾಡ್ತಾರೆ, ರಾತ್ರೋರಾತ್ರಿ ಜಾಸ್ತಿ ಬಿಡ್ತಾರೆ. ಅದನ್ನ ನಿಮ್ಮ ಮಗನಿಗೆ ಯಾರು ಬಂದು ಹೇಳ್ತಾರೆ?

ಹಳೇಪೇಟೆ_ಹೈದ
ನಾವೆಲ್ಲ ಅಲ್ಲೇ ಕಲಿತ್ವಲ್ರಿ. ಏನ್ ಸತ್ವಾ? ಈಗಿನ ಮಕ್ಕಳನ್ನ ಹತ್ತಿಯಲ್ಲಿ ಸುತ್ತಿ ಬೆಳೆಸಿ ಬೆಳೆಸಿ ಯಾವುದಕ್ಕೂ ಬಾರದಂಗೆ ಮಾಡಿದೀವಿ.

ಬಾತಿಗುಡ್ಡ_ಬಯಲು
ಸತ್ತವರು ಇಲ್ಲಿ ಬಂದು ಬರೆಯಲ್ಲ ಹೈದ.

ಏಳನೇ ಕ್ಲಾಸಲ್ಲಿ ನನ್ನ ಪಕ್ಕ ಕೂರ್ತಿದ್ದವನು ರಜೆ ಮುಗಿದು ಶಾಲೆ ಶುರುವಾದಾಗ ಬರಲಿಲ್ಲ. ಚಾನಲ್‌ನಲ್ಲಿ ಟ್ಯೂಬ್ ಕೈ ತಪ್ಪಿತ್ತು. ದೇಹ ಸಿಕ್ಕಿದ್ದು ದೇವರಬೆಳಕೆರೆ ಕಡೆ. ಮೇಷ್ಟ್ರು ಹಾಜರಿ ಕೂಗ್ತಾ ಅವನ ಹೆಸರು ಕೂಗಿಬಿಟ್ರು, ಹೊಸ ಪುಸ್ತಕಕ್ಕೆ ಹಳೇದನ್ನ ಹಂಗೇ ಇಳಿಸಿದ್ರಲ್ಲ. ಅವನ ಅವ್ವ ಆಮೇಲೆ ಆ ದಾರೀಲೇ ಓಡಾಡ್ತಿರಲಿಲ್ಲ, ಸುತ್ತಿ ಬಳಸಿ ಸಂತೆಗೆ ಹೋಗೋರು. ಪ್ರತಿ ಏಪ್ರಿಲ್, ಮೇನಲ್ಲಿ ಪೇಪರ್ ತೆಗೆದ್ರೆ ಒಂದಲ್ಲ ಒಂದು ಕಡೆಯ ಇಂಥ ಸುದ್ದಿ ಇದ್ದೇ ಇರುತ್ತೆ.

ಹಳೇಪೇಟೆ_ಹೈದ
ಬಾತಿ ಅಣ್ಣ, ನಮ್ಮ ಓಣೀಲೂ ಒಬ್ಬ ಇದ್ದ. ಅದನ್ನ ಇಲ್ಲಿ ಬರೀಬೇಕು ಅನ್ಸಿರಲಿಲ್ಲ. ಆದ್ರೂ ಒಂದು ಮಾತು, ಈಜು ಬರ್ತಿದ್ರೆ ಉಳೀತಿದ್ರು ಅಲ್ವಾ? ಹೆದರಿ ಕಲಿಸ್ದೇ ಬಿಟ್ರೆ ಅದೂ ಅಪಾಯನೇ.

ನೀರಗಂಟಿ
ಕಲಿಸಬೇಡಿ ಅಂತ ಯಾರಂದ್ರು. ನಾಲೆಯಲ್ಲಿ ಕಲಿಸಬೇಡಿ ಅಂದೆ. ಈಜು ಚೆನ್ನಾಗಿ ಬರೋರೇ ಹೋಗಿದಾರೆ, ನಾನೇ ಮೇಲಕ್ಕೆ ಎತ್ತಿದೀನಿ.

ಹಿಂಗೇ_ಸುಮ್ನೆ
ಹೊಲದಲ್ಲಿ ಈಗ ಕೃಷಿ ಹೊಂಡ ಇದಾವಲ್ಲ, ನೀರು ನಿಂತಿರುತ್ತೆ, ಹರಿವಿಲ್ಲ. ಅದರಲ್ಲಿ ಕಲಿಸಬಹುದಲ್ಲ?

ನೀರಗಂಟಿ
ಅಯ್ಯೋ ಬೇಡ ತಮ್ಮಾ! ಚಾನಲ್‌ಗಿಂತ ಅದು ಕೆಟ್ಟದ್ದು. ನೀರು ಇಂಗಬಾರದು ಅಂತ ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿರ್ತಾರೆ. ಅದು ಒದ್ದೆಯಾದ್ರೆ ದೊಡ್ಡವರಿಗೇ ಹತ್ತೋಕಾಗಲ್ಲ. ಒಬ್ಬನ್ನ ಎಳೆಯೋಕೆ ಹೋಗಿ ಇನ್ನೊಬ್ಬ ಬೀಳೋದೂ ಅಲ್ಲೇ. ಹೊಲದಲ್ಲಿ ಹೊಂಡ ಇದ್ದೋರು ದಯವಿಟ್ಟು ಸುತ್ತ ತಂತಿಬೇಲಿ ಹಾಕಿಸಿ, ದಡದಲ್ಲಿ ಗೂಟಕ್ಕೆ ಒಂದು ಹಗ್ಗ ಕಟ್ಟಿ ನೀರಿಗೆ ಇಳಿಬಿಟ್ಟಿರಿ. ಖರ್ಚು ಎಷ್ಟಾಗುತ್ತೆ?

ಚಳ್ಳಕೆರೆ_ಶೇಂಗಾ
ಇದು ನೂರಕ್ಕೆ ನೂರು. ನಮ್ಮ ಪಕ್ಕದ ಹೊಲದವರಿಗೆ ಇವತ್ತೇ ಹೇಳ್ತೀನಿ.

ಜೋಗಿಮಟ್ಟಿ_ಗಾಳಿ
ಹಂಗಾದ್ರೆ ಬಾವಿನೇ ಸರಿ ಅನ್ಸುತ್ತೆ. ಆದ್ರೆ ನೀರಿರೋ ಬಾವಿ ಎಲ್ಲಿ ಉಳಿದಿದಾವೆ?

ಚಳ್ಳಕೆರೆ_ಶೇಂಗಾ
ನಮ್ಮ ತಾಲೂಕಲ್ಲಂತೂ ಇಲ್ಲ. ಬೋರ್‌ವೆಲ್ ಬಂದಿದ್ದೇ ಬಂದಿದ್ದು, ಬಾವಿ ಸೆಲೆ ಬತ್ತಿ ಹೋಯ್ತು. ಮಾವ ಕಲಿಸಿದ ಬಾವಿಯಲ್ಲಿ ಈಗ ಜಾಲಿ ಬೆಳೆದು ನಿಂತೈತೆ, ತುದಿ ಬಾಯಿಯಿಂದ ಮೇಲೆ ಕಾಣುತ್ತೆ. ಆ ಬಾವಿ ಪಕ್ಕದಲ್ಲೇ ಕೊರೆಸಿದ ಬೋರೂ ಫೇಲು.

ನಿವೃತ್ತ_ಮೇಷ್ಟ್ರು
ನೀರಿನ ಮಾತು ಬಂತು, ಮಾರಿಕಣಿವೆ ಹೇಳದೆ ಹೇಗಿರಲಿ. ವಾಣಿವಿಲಾಸ ಸಾಗರ. 1898ರಲ್ಲಿ ಶುರುವಾಗಿ 1907ಕ್ಕೆ ಮುಗಿದ ಅಣೆಕಟ್ಟು, ವೇದಾವತಿಗೆ ಕಟ್ಟಿದ್ದು. 130 ಅಡಿ ತುಂಬಿದರೆ ಕೋಡಿ. 1933ರಲ್ಲಿ ಕೋಡಿ ಬಿದ್ದದ್ದನ್ನು ನಮ್ಮ ತಂದೆ ಕಥೆಯಾಗಿ ಹೇಳುತ್ತಿದ್ದರು. ನಾನು ಪ್ರತಿ ವರ್ಷ ಬೇಸಿಗೆಗೆ ಹಿರಿಯೂರಿನ ನೆಂಟರ ಮನೆಗೆ ಹೋದಾಗ ಅಲ್ಲಿ ಪಿಕ್ನಿಕ್ಕು. ಬುತ್ತಿ ಬಿಚ್ಚುವ ಮೊದಲು ದೊಡ್ಡವರೆಲ್ಲ ಹೋಗಿ ಅಡಿಗೋಲು ನೋಡಿಕೊಂಡು ಬಂದು, ‘ಈ ಸಲನೂ ಇಲ್ಲ’ ಅನ್ನುತ್ತಿದ್ದರು. ಕೋಡಿಯ ಕಲ್ಲಿನ ಮೇಲೆ ನಾವು ಗೋಲಿ ಆಡಿದ್ದೇವೆ, ಅಷ್ಟು ಒಣ. ಕೊನೆಗೆ 2022ರಲ್ಲಿ ಕೋಡಿ ಬಿತ್ತು, 89 ವರ್ಷದ ಮೇಲೆ. ಮಗ ಕಾರಿನಲ್ಲಿ ಕರೆದುಕೊಂಡು ಹೋದ. ಜನಜಾತ್ರೆ, ಹತ್ತಿರ ಹೋಗಲು ಜಾಗವಿರಲಿಲ್ಲ. ನಾನೂ ಸೆಲ್ಫಿ ತೆಗೆಸಿಕೊಂಡೆ, ಮತ್ತೇನು.

ಮಂಡಕ್ಕಿ_ಮಿರ್ಚಿ
ಮೇಷ್ಟ್ರೇ ಸೆಲ್ಫಿ ಹಾಕಿ ಇಲ್ಲಿ 🙏

ಹರಿಹರ_ಹೊಳೆಸಾಲು
ಸೂಳೆಕೆರೆ ಬಿಟ್ರಲ್ಲ ಮೇಷ್ಟ್ರೇ, ಶಾಂತಿಸಾಗರ. ದುರ್ಗದ ನಲ್ಲಿಗೆ ಬರೋದೇ ಆ ನೀರು.

ನಿವೃತ್ತ_ಮೇಷ್ಟ್ರು
ಬಿಟ್ಟಿಲ್ಲಪ್ಪ, ಬೆರಳು ನೋಯುತ್ತಿದೆ. ಮೊಬೈಲಿನಲ್ಲಿ ಒತ್ತಕ್ಷರ ಹೊಡೆಯುವ ಕಷ್ಟ ನಿನಗೇನು ಗೊತ್ತು.

ಶಾವಿಗೆ_ಮಣೆ
ಜೋಗಿಮಟ್ಟಿಯವರೇ, ದಾವಣಗೆರೆಯಲ್ಲಿ ಈಜುಕೊಳ ಐತೆ, ಹೆಂಗಸರಿಗೆ ಬೇರೆ ಸಮಯ. ನಾನು ಹೋದ ವರ್ಷ ಸೇರ್ಕೊಂಡೆ, 46ನೇ ವಯಸ್ಸಲ್ಲಿ. ಮೊದಲ ವಾರ ಕಂಬಿ ಬಿಡಲಿಲ್ಲ. ಪಕ್ಕದಲ್ಲಿ ಆರು ವರ್ಷದ ಹುಡುಗಿ ‘ಆಂಟಿ, ಕೈ ಬಿಡಿ, ಏನೂ ಆಗಲ್ಲ’ ಅಂತ ಧೈರ್ಯ ಹೇಳ್ತಿದ್ಳು. ಈಗ ಆಚೆ ತುದಿ ಮುಟ್ಟಿ ಬರ್ತೀನಿ. ನಮ್ಮಣ್ಣನಿಗೆ ಹೇಳಿದ್ರೆ ನಂಬಲಿಲ್ಲ, ಬಂದು ನೋಡಿ ಹೋದ. ಅವನಿಗೆ ಈಗ ಹೊಟ್ಟೆ ಬಂದು ಎರಡು ಸುತ್ತಿಗೇ ಏದುಸಿರು!

ಕೊಳ ಅಂದ್ರೆ ಮೂಗು ಮುರೀಬೇಡಿ. ಮಗಳನ್ನೂ ಇಳಿಸಿ, ಮಗನ್ನ ಮಾತ್ರ ಅಲ್ಲ.

ಜೋಗಿಮಟ್ಟಿ_ಗಾಳಿ
ಇಬ್ಬರನ್ನೂ ಅಂತ ಮೊದಲೇ ಬರೆದಿದೀನಲ್ಲ ಅಕ್ಕಾ! ಆಯ್ತು, ಕೊಳದಲ್ಲಿ ಕಲಿಸಿ ಆಮೇಲೆ ನೋಡೋಣ. ಹೊಳಲ್ಕೆರೆ ಹತ್ರ ನಮ್ಮ ಭಾವನ ಅಡಿಕೆ ತೋಟದಲ್ಲಿ ಮೆಟ್ಟಿಲಿರೋ ಬಾವಿ ಐತೆ, ಸ್ವಲ್ಪ ನೀರೂ ಐತಂತೆ. ಸೊಂಟಕ್ಕೆ ಹಗ್ಗ ಕಟ್ಟಿ, ನಾನೂ ಭಾವನೂ ಇಳಿದಿದ್ರೆ?

ನೀರಗಂಟಿ
ಮೊದಲು ಬಿದಿರ ಗಳ ಬಿಟ್ಟು ಆಳ ನೋಡಿ, ಒಳಗೆ ಮೋಟಾರಿನ ಪೈಪು, ವೈರು ಏನಾದ್ರೂ ಇದಾವಾ ನೋಡಿ. ಕರೆಂಟ್ ಮೇನ್ ತೆಗೆಸಿ. ದಡದ ಮೇಲೆ ಒಬ್ಬ ದೊಡ್ಡವನು ಇರಲೇಬೇಕು, ಮೊಬೈಲ್ ನೋಡ್ತಾ ಕೂರೋನಲ್ಲ.

ಭಟ್ಟಿ_ಬೂದಿ
ಕತ್ತಾಳೆ ದಿಂಡು ಬೇಕಿದ್ರೆ ಹೇಳಿ. ನಮ್ಮ ಬೇಲೀಲಿ ಈ ವರ್ಷ ಒಂದು ಹೂ ಬಿಟ್ಟು ಒಣಗಿ ನಿಂತೈತೆ. ದುರ್ಗದ ಬಸ್ಸಿಗೆ ಹಾಕಿ ಕಳಿಸ್ತೀನಿ.

ಮಂಡಕ್ಕಿ_ಮಿರ್ಚಿ
ಕಂಡಕ್ಟರ್ ಅದಕ್ಕೆ ಅರ್ಧ ಟಿಕೆಟ್ ಹರೀತಾನೆ ನೋಡಿ.

ಜಗಳೂರು_ಜಾಲಿ
ಮಾಳಿಗೆ ಮಾತು ಯಾರೋ ಎತ್ತಿದ್ರಲ್ಲ, ಶೇಂಗಾ ಅವರಾ? ನಮ್ಮ ಅಜ್ಜನ ಮನೆ ಮಾಳಿಗೆ ಹೋದ ಮಳೆಗಾಲ ಸೋರಿ ಹೋಯ್ತು. ತಮ್ಮ ಕೆಡವಿ ಆರ್‌ಸಿಸಿ ಹಾಕ್ಸೋಣ ಅಂತಾನೆ, ನನಗೆ ಮನಸ್ಸಿಲ್ಲ. ಚೌಳು ಮಣ್ಣು ಹಾಕೋರು ಯಾರಾದ್ರೂ ಉಳಿದಿದಾರಾ?

ಚಳ್ಳಕೆರೆ_ಶೇಂಗಾ
ಇದಾರೆ, ನಮ್ಮೂರಲ್ಲಿ ಇಬ್ಬರು. ಮಣ್ಣು ಕೆರೆ ಹಿಂದಿನ ಚೌಳು ನೆಲದಿಂದ ತರಬೇಕು, ಬಿಳಿ ಪುಡಿ ಮೇಲೆದ್ದಿರುತ್ತಲ್ಲ ಅಂಥ ಕಡೆಯಿಂದ. ಒದ್ದೆಯಾದ ಕೂಡ್ಲೇ ಬಿಗಿದ್ಕೊಂಡು ನೀರು ಇಳಿಯೋಕೆ ಬಿಡಲ್ಲ. ಕೆಂಪು ಮಣ್ಣು ಸುರಿದ್ರೆ ದುಡ್ಡೂ ದಂಡ, ಮಾಳಿಗೆಗೆ ಭಾರನೂ ದಂಡ. ಮೊದಲು ತೊಲೆ, ಜಂತೆ ಗೆದ್ದಲು ತಿಂದಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ತಿಂದಿದ್ರೆ ನಿಮ್ಮ ತಮ್ಮ ಹೇಳಿದ್ದೇ ಸರಿ.

ಜಗಳೂರು_ಜಾಲಿ
ತೊಲೆ ಬೇವಿಂದು, ಗಟ್ಟಿ ಐತೆ. ಎರಡು ಜಂತೆ ಬದಲಿಸಬೇಕಾಗಬಹುದು. ಎಷ್ಟು ಟ್ರ್ಯಾಕ್ಟರ್ ಮಣ್ಣು ಬೇಕಾಗುತ್ತೆ?

ಚಳ್ಳಕೆರೆ_ಶೇಂಗಾ
ಮಾಳಿಗೆ ಅಳತೆ ಹೇಳದೆ ಹೆಂಗೆ ಹೇಳಲಿ. ಫೋಟೋ ಹಾಕಿ, ಬೆಳಕಿಂಡಿ ಎಲ್ಲಿದೆ ಅಂತನೂ ಕಾಣಬೇಕು. ಮತ್ತೆ ಬೇಗ ಹೇಳಿ, ರೋಹಿಣಿ ಮಳೆ ಹಿಡಿಯೋದ್ರೊಳಗೆ ಮುಗಿಸ್ಬೇಕು. ಆಮೇಲೆ ಆ ಇಬ್ಬರೂ ಬಿತ್ತನೆಗೆ ಹೋಗ್ತಾರೆ, ಫೋನೂ ಎತ್ತಲ್ಲ.